ಬ್ರಿಟನ್ನಿನಲ್ಲಿ ಅಡಿಗೆಮನೆ ಮಾಡಿಸುವ ನಮ್ಮ ಕಡೆಯವರಿಗೆ

ವಿಜಯಪುರದ ಸೋಲಾಪುರ ರಸ್ತೆಯಲ್ಲಿ ಅಣ್ಣ ಮನೆ ಕಟ್ಟಿಸಿದಾಗ ಅಡಿಗೆಮನೆಗೆ ಒಂದು ಹಾಳೆಯ ಕರಾರೂ ಇರಲಿಲ್ಲ. ಗೌಂಡಿ ಕಟ್ಟೆ ಏರಿಸುತ್ತಿದ್ದಾಗ ಅವ್ವ ಪಕ್ಕದಲ್ಲಿ ನಿಂತು, "ಇನ್ನೂ ಎರಡ ಬಟ್ಟ ತಗ್ಗ ಮಾಡಪಾ, ರೊಟ್ಟಿ ಬಡೀವಾಗ ರಟ್ಟಿ ನೋಯ್ತಾವು" ಅಂದಳು. ಆತ ತಗ್ಗಿಸಿ, ಮೇಲೆ ಇಳಕಲ್ಲಿನ ಕೆಂಪು ಗ್ರಾನೈಟ್ ಕೂಡಿಸಿದ. ಕಪಾಟಿನ ಬಾಗಿಲು ಸೊಟ್ಟಗಾದರೆ ಬಡಿಗೇರ ಕಾಕಾಗೆ ಒಂದು ಫೋನು ಮಾಡಿದರೆ ಸಾಕು, ಸಂಜೆಯೊಳಗೆ ಬಂದುಬಿಡುತ್ತಿದ್ದರು.

ಇಂಗ್ಲೆಂಡಿನಲ್ಲಿ ಮನೆ ಕೊಂಡ ಮೇಲೆ ನಾನು ಅದೇ ರೂಢಿಯಲ್ಲಿ ನಡೆದು ಕಷ್ಟಪಟ್ಟೆ. ಅಂಗಡಿಯಿಂದ ಕಪಾಟು ಮಾತ್ರ ಕೊಂಡೆ, ಫಿಟರ್‌ನನ್ನು ಬೇರೆ ಗೊತ್ತುಮಾಡಿದೆ, ಪೂರ್ತಿ ದುಡ್ಡು ಮೊದಲೇ ಕಟ್ಟಿದೆ. ಮೂಲೆಯ ಡ್ರಾವರ್ ಎಳೆದರೆ ಪಕ್ಕದ ಬಾಗಿಲಿನ ಹಿಡಿಕೆಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಬೇಕಾಗಿದ್ದದ್ದು ನಡುವೆ ಸಂದು ತುಂಬಲು ನಾಲ್ಕು ಬೆರಳಗಲದ ಒಂದು ಫಿಲ್ಲರ್ ಪಟ್ಟಿ. ಕೂಡಿಸಿದ್ದು ತಪ್ಪು ಎಂದರು ಅಂಗಡಿಯವರು. ನಕ್ಷೆಯೇ ತಪ್ಪು ಎಂದ ಫಿಟರ್. ಆ ಪಟ್ಟಿ ಬರಲು ಏಳು ವಾರ ಹಿಡಿಯಿತು.

ಆದ್ದರಿಂದ ಮೊದಲು ಕೇಳಬೇಕಾದ್ದು ಬೆಲೆಯನ್ನಲ್ಲ, ಹೊಣೆ ಯಾರದು ಎಂಬುದನ್ನು. ಮಾರುವುದು, ಕೂಡಿಸುವುದು ಎರಡೂ ಒಂದೇ ಕರಾರಿನಲ್ಲಿದ್ದರೆ, ಫಿಟರ್ ಹೊರಗಿನವನಾಗಿದ್ದರೂ ಅಂಗಡಿಯೇ ನಿಮಗೆ ಉತ್ತರ ಹೇಳಬೇಕು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಸಾಮಾನು ಸರಿಯಿರಬೇಕು, ಕೆಲಸವೂ ಕಾಳಜಿಯಿಂದ ನಡೆದಿರಬೇಕು. ಬೇರೆ ಬೇರೆ ಕೊಟ್ಟರೆ ಕೊನೆಯ ಅಳತೆ ಯಾರು ತೆಗೆಯುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಟೇಪು ಹಿಡಿದು ನೀವೇ ಅಳೆದು ಕೊಟ್ಟಿರೋ, ತಪ್ಪು ನಿಮ್ಮ ತಲೆಗೇ ಬರುತ್ತದೆ. ಹೌಡನ್ಸ್‌ನಂಥ ಅಡಿಗೆಮನೆ ಕಂಪನಿಯವರು ಬಿಲ್ಡರ್‌ಗಳಿಗೆ ಮಾತ್ರ ಮಾರುತ್ತಾರೆ. ಬಣ್ಣ ಆರಿಸುವುದು ನೀವಾದರೂ ಖರೀದಿ ಬಿಲ್ಡರ್‌ನದು, ನಿಮ್ಮ ಕರಾರು ಅವನ ಜೊತೆಗೆ.

ದುಡ್ಡಿನ ವಿಷಯ. ಸಾಲದ ಕಾರ್ಡು ಬೇಡ ಎಂದು ನಮ್ಮ ಮನೆಗಳಲ್ಲಿ ಕಲಿಸಿರುತ್ತಾರೆ. ಇಲ್ಲಿ ಮುಂಗಡವನ್ನಾದರೂ ಕ್ರೆಡಿಟ್ ಕಾರ್ಡಿನಿಂದ ನೇರವಾಗಿ ಮಾರುವವರಿಗೇ ಕಟ್ಟಿ, ಬಿಲ್ಲು ಬಂದಾಗ ತೀರಿಸಿಬಿಡಿ. ಬೆಲೆ 100 ಪೌಂಡಿಗಿಂತ ಹೆಚ್ಚು, 30,000ಕ್ಕೆ ಮೀರದ ಸಾಮಾನಾದರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಮಾರಿದವರಷ್ಟೇ ಹೊಣೆ. ಕಾರ್ಡಿನಲ್ಲಿ ಸ್ವಲ್ಪವೇ ಕಟ್ಟಿದ್ದರೂ ಪೂರ್ತಿ ಮೊತ್ತಕ್ಕೆ ಇದು ಅನ್ವಯಿಸುತ್ತದೆ. ಅಂಗಡಿ ಮುಳುಗಿದರೂ ಕೇಳಬಹುದು. ಬ್ಯಾಂಕಿನಿಂದ ವರ್ಗಾಯಿಸಿದ ಹಣಕ್ಕೆ ಈ ಆಸರೆ ಇಲ್ಲ. ಕೊನೆಯ ಕಂತನ್ನು, ಸಣ್ಣಪುಟ್ಟ ದೋಷಗಳ ಪಟ್ಟಿ ಮಾಡಿ ಅವೆಲ್ಲ ಸರಿಯಾದ ಮೇಲೆಯೇ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ.

ಎಸ್ಟಿಮೇಟ್ ಎಂದರೆ ಅಂದಾಜು, ಏರಬಹುದು. ಕೋಟ್ ಎಂದರೆ ಒಪ್ಪಿದ ಬೆಲೆ. 20 ಪರ್ಸೆಂಟ್ ವ್ಯಾಟ್ ತೆರಿಗೆ ಅದರಲ್ಲಿ ಸೇರಿದೆಯೇ ಕೇಳಿ. "ಈ ರಿಯಾಯಿತಿ ಭಾನುವಾರಕ್ಕೆ ಮುಗೀತದ" ಎಂದು ಅವಸರ ಮಾಡಿದರೆ ಎದ್ದು ಬನ್ನಿ. ಆನ್‌ಲೈನ್ ಖರೀದಿಗೆ ಇರುವ 14 ದಿನದ ರದ್ದತಿ ಹಕ್ಕು, ನಿಮ್ಮ ಅಳತೆಗೆಂದೇ ಮಾಡಿಸಿದ ಸಾಮಾನಿಗೆ ಸಿಗುವುದಿಲ್ಲ.

ಗ್ಯಾಸ್ ಒಲೆ ಜೋಡಿಸುವವರು ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರೇ ಆಗಬೇಕು. ಅದರ ಗುರುತಿನ ಕಾರ್ಡು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಯಾವ ಯಾವ ಕೆಲಸಕ್ಕೆ ಅರ್ಹತೆಯಿದೆ ಎಂಬುದು ಅದರ ಹಿಂಬದಿಯಲ್ಲಿರುತ್ತದೆ, ತಿರುಗಿಸಿ ನೋಡಿ. ಹೊಸ ವಿದ್ಯುತ್ ಸರ್ಕಿಟ್ ಎಳೆದರೆ ಪ್ರಮಾಣಪತ್ರ ತೆಗೆದಿಡಿ, ಮನೆ ಮಾರುವಾಗ ವಕೀಲರು ಕೇಳುತ್ತಾರೆ.

ಇನ್ನು ನಮ್ಮ ಅಡಿಗೆಯ ಮಾತು, ಇದನ್ನು ಡಿಸೈನರ್‌ಗೆ ನೀವೇ ಹೇಳಬೇಕು. ಹೊಗೆ ಹೀರುವ ಹುಡ್‌ನಲ್ಲಿ ಎರಡು ಬಗೆ: ಕೊಳವೆಯಲ್ಲಿ ಹೊರಗೆ ಹಾಕುವುದು, ಸೋಸಿ ಒಳಗೇ ಬಿಡುವುದು. ಎರಡನೆಯದಾದರೆ ಮೆಣಸಿನಕಾಯಿ ಒಗ್ಗರಣೆಯ ಘಾಟು ಮಲಗುವ ಕೋಣೆಗೆ ಹೋಗುತ್ತದೆ. ಕೊಳವೆ ಯಾವ ಗೋಡೆಯಿಂದ ಹೊರಬೀಳುತ್ತದೆ ಎಂಬುದು ನಕ್ಷೆಯಲ್ಲಿ ಕಾಣಬೇಕು. ಕಟ್ಟೆ ಇಲ್ಲಿ ಸುಮಾರು 90 ಸೆಂಟಿಮೀಟರ್ ಎತ್ತರ. ಕೆಳಗೆ ಪಾತ್ರೆ ತೊಳೆಯುವ ಮಷೀನು ಕೂರಬೇಕಾದ್ದರಿಂದ ಪೂರ್ತಿ ತಗ್ಗಿಸಲಾಗದು. ಅವ್ವ ಬಂದಾಗ ರೊಟ್ಟಿ ಬಡಿಯಲೆಂದು ಕಿಟಕಿಯ ಕಡೆಯ ಒಂದು ತುಂಡನ್ನು ಬೇರೆಯಾಗಿ ತಗ್ಗಿಸಿಕೊಂಡೆವು. ಕಟ್ಟೆಯ ಮೇಲೆ ಕ್ವಾರ್ಟ್ಸ್ ಎಂಬ ತಯಾರಿಸಿದ ಕಲ್ಲು ಹಾಕಿಸಿದರೆ ಕಾದ ತವಾ ನೇರ ಇಡಬೇಡಿ: ಅದರಲ್ಲಿ ರಾಳವಿದೆ, ಕಲೆಯಾಗುತ್ತದೆ, ಬಿರುಕೂ ಬಿಡಬಹುದು. ಗ್ರಾನೈಟ್ ಹೆಚ್ಚು ತಾಳುತ್ತದೆ.

ಕಲ್ಲಿನ ಕಟ್ಟೆಗೆ ಅಳತೆ ತೆಗೆಯುವುದು ಕೆಳಗಿನ ಕಪಾಟುಗಳು ಕೂತ ಮೇಲೆಯೇ. ಕಲ್ಲು ಕೊಯ್ದು ತರುವವರೆಗೆ ಒಂದೆರಡು ವಾರ ಸಿಂಕೂ ಇರದು, ಒಲೆಯೂ ಇರದು. ನಮಗೆ ಆಗ ಊರಿಂದ ಕಟ್ಟಿ ತಂದಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ಆಸರಾದವು. ಪಾತ್ರೆಗಳನ್ನು ಬಚ್ಚಲಲ್ಲಿ ತೊಳೆದೆವು.