ಮುಂದಿನ ತಿರುವಿಗೆ ಈಗಲೇ ಸೌದೆ

ನಾನು ಬಾಯ್ಲರ್ ಕೆಲಸ ಕಲಿತದ್ದು ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬಿನ ಸಿಪ್ಪೆ ಉರಿಸಿ. ಈಗ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿದ್ದೇನೆ. ರಜೆ ಸಿಕ್ಕಾಗಲೆಲ್ಲ ಮರ್ರೆ ನದಿಯ ದಂಡೆಯ ಎಚೂಕಾ ಊರಿಗೆ ಹೋಗಿ ಹಳೆಯ ಪ್ಯಾಡಲ್ ಸ್ಟೀಮರ್‌ಗಳ (ಬದಿಯ ಚಕ್ರಗಳನ್ನು ಉಗಿಯಿಂದ ತಿರುಗಿಸಿ ಸಾಗುವ ದೋಣಿಗಳ) ಕುಲುಮೆಗೆ ಸೌದೆ ಹಾಕುತ್ತೇನೆ. ಅಲ್ಲಿರುವವುಗಳಲ್ಲಿ ಎಲ್ಲಕ್ಕಿಂತ ಹಳೆಯದು ‘ಅಡಿಲೇಡ್’. ಮರದ ಒಡಲಿನ ಈ ದೋಣಿಯನ್ನು 1866ರಲ್ಲಿ ಎಚೂಕಾದಲ್ಲೇ ಕಟ್ಟಿದರು.

ಕಾರ್ಖಾನೆಯಲ್ಲಿ ಉಗಿಯ ಬೇಡಿಕೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಇಲ್ಲಿ ನದಿ ಹೇಳಿದಂತೆ ಕೇಳಬೇಕು. ಎರಡೂ ಚಕ್ರಗಳು ಒಂದೇ ದಂಡಕ್ಕೆ ಕೂಡಿಕೊಂಡಿರುವುದರಿಂದ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ದೋಣಿಯನ್ನು ಹೊರಳಿಸುವಂತಿಲ್ಲ. ಇಕ್ಕಟ್ಟಿನ ತಿರುವಿನಲ್ಲಿ ಕಪ್ತಾನರು ಹಿಂದೆ ಮುಂದೆ ಆಡಿಸಿದರೆ ಉಗಿ ನೋಡನೋಡುತ್ತಲೇ ಖಾಲಿ. ಆಗ ಸೌದೆ ತುರುಕಿ ಪ್ರಯೋಜನವಿಲ್ಲ. ಅದು ಉಗಿಯಾಗಲು ಹೊತ್ತು ಬೇಕು. ಆದ್ದರಿಂದ ಕಣ್ಣಿಗೆ ಕಾಣದ ತಿರುವಿಗೆ ಈಗಲೇ ಬೆಂಕಿ ಸಿದ್ಧಪಡಿಸುತ್ತೇನೆ. ದೋಣಿ ನಿಲ್ಲುವ ಕಟ್ಟೆ ಹತ್ತಿರವಾಗುವಾಗ ಇದಕ್ಕೆ ತದ್ವಿರುದ್ಧ: ಉರಿ ತಗ್ಗಿಸದಿದ್ದರೆ ಸುರಕ್ಷಾ ಕವಾಟ ಬುಸುಗುಟ್ಟುತ್ತದೆ. ಪ್ರವಾಸಿಗರು ಚಪ್ಪಾಳೆ ತಟ್ಟುತ್ತಾರೆ, ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ, ಅಷ್ಟೂ ಸೌದೆ ದಂಡ.

ಸೌದೆ ರೆಡ್ ಗಮ್, ನಮ್ಮ ನೀಲಗಿರಿಯ ಬಳಗದ್ದು. ದಪ್ಪ ತುಂಡುಗಳನ್ನು ಹಿಂದಕ್ಕೆ ದೂಡಿ, ಸಣ್ಣವನ್ನು ಬಾಗಿಲ ಬಳಿ ಇಟ್ಟು, ತಟ್ಟನೆ ಬಾಗಿಲು ಮುಚ್ಚುತ್ತೇನೆ. ತೆರೆದಷ್ಟು ಹೊತ್ತೂ ತಣ್ಣನೆಯ ಗಾಳಿ ನುಗ್ಗಿ ಕೊಳವೆಗಳಿಗೆ ಬಡಿಯುತ್ತದೆ. ಕೈ ಕೆಲಸದಲ್ಲಿದ್ದರೂ ಕಣ್ಣು ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಯ ಮೇಲೆ. ಓಡುವ ದೋಣಿಯಲ್ಲಿ ಆ ನೀರು ಸದಾ ಅಲುಗುತ್ತಿರಬೇಕು. ಅಲ್ಲಾಡದೆ ನಿಂತರೆ ನಳಿಕೆಯ ದಾರಿ ಕಟ್ಟಿರಬಹುದೆಂದು ಕೂಡಲೇ ಅದರೊಳಗಿನ ಉಗಿ, ನೀರನ್ನು ಹೊರಬಿಟ್ಟು ನೋಡುತ್ತೇನೆ. ಒತ್ತಡ ತುಸು ಇಳಿದರೆ ದೋಣಿ ನಿಧಾನವಾದೀತು. ನೀರು ಇಳಿದರೆ ಕುಲುಮೆಯ ನೆತ್ತಿಯೇ ಕಾದು ಕುಸಿದೀತು.

‘ಅಡಿಲೇಡ್’ ತನ್ನ ಆಯುಷ್ಯದ ಬಹುಭಾಗವನ್ನು ಕಳೆದದ್ದು ಬಾರ್ಮಾ ಕಾಡಿನ ದಿಮ್ಮಿಗಳನ್ನು ಎಚೂಕಾದ ಗರಗಸದ ಕಾರ್ಖಾನೆಗೆ ಎಳೆದು ತರುವುದರಲ್ಲಿ. ರೆಡ್ ಗಮ್ ನೀರಿನಲ್ಲಿ ಮುಳುಗುವ ಮರ, ತೇಲಿಬಿಡುವಂತಿಲ್ಲ. ಹಾಗಾಗಿ ಸರಕುದೋಣಿಯ ಅಡ್ಡಲಾಗಿ ತೊಲೆಗಳನ್ನಿಟ್ಟು, ಎರಡೂ ಬದಿಗೆ ದಿಮ್ಮಿಗಳನ್ನು ತೂಗುಹಾಕುತ್ತಿದ್ದರು. ಹೊಳೆ ಇಳಿಯುವಾಗ ಆ ಭಾರ ಮುನ್ನುಗ್ಗದಂತೆ ಹಿಂದೆ ಭಾರಿ ಸರಪಳಿಗಳನ್ನು ತಳಕ್ಕೆ ಬಿಟ್ಟು ಎಳೆಸುತ್ತಿದ್ದರು. ಹೊತ್ತ ಮರವೂ ಉರಿಸಿದ ಮರವೂ ಒಂದೇ ಕಾಡಿನದು! 1957ರವರೆಗೆ ಈ ದುಡಿಮೆ ನಡೆಯಿತು. ಆಮೇಲೆ ನದಿಯಿಂದ ಮೇಲೆತ್ತಿ ಉದ್ಯಾನದಲ್ಲಿ ನಿಲ್ಲಿಸಿದರು. ಮತ್ತೆ ನೀರಿಗಿಳಿದದ್ದು 1984ರಲ್ಲಿ.

ಉಣ್ಣೆ ಸಾಗಿಸುತ್ತಿದ್ದ ದೋಣಿಗಳ ಪಾಡು ಬೇರೆ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ತಿಂಗಳುಗಟ್ಟಲೆ ಮಡುವಿನಲ್ಲೇ ಸೆರೆ. ನೀರು ಬಂದರೆ ಹಗಲಿರುಳೂ ಓಟ. ಕುಲುಮೆಯವನು ದಂಡೆಯಲ್ಲಿ ಒಟ್ಟಿದ ಸೌದೆಯನ್ನು ಹೊತ್ತು ತುಂಬಿಸಿ, ಮತ್ತೆ ಅದನ್ನೇ ಬೆಂಕಿಗೆ ಎಸೆಯಬೇಕಿತ್ತು. ನನ್ನದು ಅದರ ಮುಂದೆ ಸುಖದ ಕೆಲಸ. ಸೌದೆಯನ್ನು ಹತ್ತಿರ ತಂದು ಕೊಡುವವರೂ ಇದ್ದಾರೆ. ಹಸಿಯದನ್ನು ತಂದರೆ ಮಾತ್ರ, ಯಾರೇ ಇರಲಿ, ಮುಖ ನೋಡದೆ ಹಿಂದಕ್ಕೆ ಕಳುಹಿಸುತ್ತೇನೆ.