ಬೇಲಿ ಬ್ಯಾಟರಿಗೆ ಮುಳ್ಳಿನ ಮೀಟರ್: ಸುಡದಂತೆ ಕಾಯುವುದು ಹೇಗೆ?

ಕೊಡಗಿನ ತೋಟಗಳಲ್ಲಿ ಆನೆ ತಡೆಯುವ ಸೋಲಾರ್ ಬೇಲಿ ಹೊಸದೇನಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲಿಲ್ಲದಿದ್ದರೆ ಅದರ 12 ವೋಲ್ಟ್ ಬ್ಯಾಟರಿ ಸೊರಗುತ್ತದೆ. ಗಡಿಯಾರದ ಹಾಗೆ ಮುಳ್ಳು ಓಡುವ ಮೀಟರ್ ಕೂರಿಸಿದರೆ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ 50 ಮೈಕ್ರೋಆಂಪಿಯರ್ ಕರೆಂಟಿಗೇ ಮುಳ್ಳು ತುದಿ ಮುಟ್ಟುವ ಮೀಟರಿನ ಕಾಯಿಲ್ ತಂತಿ ಕೂದಲಿಗಿಂತ ತೆಳು. ತಪ್ಪು ಕಡೆ ವೈರ್ ತಾಗಿದರೆ ಸುಟ್ಟೇ ಹೋಗುತ್ತದೆ.

ಮೊದಲು ಲೆಕ್ಕ. ಮೀಟರಿನ ಪ್ರತಿರೋಧ 2,000 ಓಮ್ ಎಂದುಕೊಳ್ಳೋಣ. ಇದನ್ನು ಮಲ್ಟಿಮೀಟರಿನ ಓಮ್ ರೇಂಜ್‌ನಲ್ಲಿ ಅಳೆಯಲು ಹೋಗಬೇಡಿ, ಅದು ಹಾಯಿಸುವ ಕರೆಂಟೇ ಈ ಮೀಟರಿಗೆ ಜಾಸ್ತಿಯಾಗಬಹುದು. ಮುಳ್ಳು ತುದಿ ಮುಟ್ಟಲು 0.1 ವೋಲ್ಟ್ ಸಾಕು. ಹೆಚ್ಚಾದ ಕರೆಂಟನ್ನು ಮೀಟರಿಗೆ ಬಿಡದೆ ತನ್ನ ಕಡೆ ಎಳೆದುಕೊಳ್ಳಲು ನಾವು ಕಾವಲಿಗೆ ಹಾಕುವುದು ಸಿಲಿಕಾನ್ ಡಯೋಡ್. ಆದರೆ ಅದು ಕರೆಂಟನ್ನು ಚೆನ್ನಾಗಿ ಬಿಡುವುದು ಸುಮಾರು 0.6 ವೋಲ್ಟಿಗೆ. ಅಷ್ಟರಲ್ಲಿ ಮೀಟರಿನ ಮೇಲೆ ಆರು ಪಟ್ಟು ಹೊರೆ ಬಿದ್ದಿರುತ್ತದೆ, ಅಲ್ವಾ? ಅದಕ್ಕೇ ಮೀಟರಿನ ಜೊತೆ ಸರಣಿಯಲ್ಲಿ 2,000 ಓಮ್ ರೆಸಿಸ್ಟರ್ ಸೇರಿಸಿ. ಹೊರೆ ಸುಮಾರು ಮೂರು ಪಟ್ಟಿಗೆ ಇಳಿಯುತ್ತದೆ. ಮುಳ್ಳು ತುದಿಗೆ ಬಡಿದರೂ ಕಾಯಿಲ್ ಉಳಿಯುತ್ತದೆ. ಹಾಗಂತ ಸುಮ್ನೆ ದೊಡ್ಡ ರೆಸಿಸ್ಟರ್ ಹಾಕಬೇಡಿ. ಮಾಮೂಲಿ ಅಳತೆಯಲ್ಲೇ ಡಯೋಡ್ ಒಂದಿಷ್ಟು ಕರೆಂಟ್ ಎಳೆದುಕೊಂಡು ಮೀಟರ್ ಕಡಿಮೆ ತೋರಿಸುತ್ತದೆ.

ಮೀಟರ್, ರೆಸಿಸ್ಟರ್ ಎರಡೂ ಸೇರಿದ ಈ ಜೋಡಿಯ ಎರಡು ತುದಿಗಳ ನಡುವೆ ಸಮಾಂತರವಾಗಿ ಎರಡು 1ಎನ್4007 ಡಯೋಡ್ ಬೆಸುಗೆ ಹಾಕಿ. ಒಂದರ ಬಿಳಿ ಪಟ್ಟಿ ಪ್ಲಸ್ ಕಡೆಗಿರಲಿ, ಇನ್ನೊಂದರದು ಮೈನಸ್ ಕಡೆಗೆ. ಆಗ ಬ್ಯಾಟರಿ ಉಲ್ಟಾ ಕೊಟ್ಟರೂ ಮೀಟರಿಗೆ ಭಯವಿಲ್ಲ.

20 ವೋಲ್ಟ್ ತನಕ ತೋರಿಸಬೇಕಾದರೆ ಪ್ಲಸ್ ದಾರಿಯಲ್ಲಿ 390 ಕಿಲೋಓಮ್ ರೆಸಿಸ್ಟರ್, ಶೇ 1ರ ನಿಖರತೆಯದು, ಮತ್ತು 10 ಕಿಲೋಓಮ್ ಪ್ರಿಸೆಟ್ (ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದಾದ ರೆಸಿಸ್ಟರ್) ಸರಣಿಯಲ್ಲಿ ಹಾಕಿ. ಡಿಜಿಟಲ್ ಮೀಟರ್ ನೋಡುತ್ತಾ ಪ್ರಿಸೆಟ್ ತಿರುಗಿಸಿ ಹೊಂದಿಸಿ.

ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 100 ಮಿಲಿಆಂಪಿಯರ್ ಫ್ಯೂಸ್ ಬೇಕೇ ಬೇಕು. 390 ಕಿಲೋಓಮ್ ದಾರಿ ಶಾರ್ಟ್ ಆದರೆ ಬ್ಯಾಟರಿಯ ಕರೆಂಟೆಲ್ಲ ಡಯೋಡಿಗೆ ನುಗ್ಗುತ್ತದೆ. ಫ್ಯೂಸ್ ಇಲ್ಲದಿದ್ದರೆ ಮೊದಲು ಡಯೋಡ್, ಆಮೇಲೆ ಮೀಟರ್ ಹೋಗುತ್ತದೆ.

ಬೇಲಿಯ ತಂತಿಗೆ ಮಾತ್ರ ಇದನ್ನು ಯಾವತ್ತೂ ತಾಗಿಸಬೇಡಿ. ಅಲ್ಲಿ ಬರುವುದು ಸಾವಿರಾರು ವೋಲ್ಟಿನ ಹೊಡೆತ.

ಮಡಿಕೇರಿಯಿಂದ ತೋಟಕ್ಕೆ ಜೀಪಿನಲ್ಲಿ ತರುವಾಗ ಮೀಟರಿನ ಎರಡೂ ಟರ್ಮಿನಲ್‌ಗಳನ್ನು ತಾಮ್ರದ ತಂತಿಯಿಂದ ಜೋಡಿಸಿಡಿ. ಮುಳ್ಳು ಅಲುಗಿದರೆ ಕಾಯಿಲಿನಲ್ಲಿ ಕರೆಂಟ್ ಹುಟ್ಟಿ ಆ ಅಲುಗಾಟವನ್ನೇ ತಡೆಯುತ್ತದೆ. ಕೂರಿಸುವಾಗ ತಂತಿ ಬಿಚ್ಚಲು ಮರೆಯಬೇಡಿ. ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನು ಆಗಾಗ ಬದಲಿಸುತ್ತಿರಿ.