ಕಾಫಿ ಲೋಟ ತೊಳೆದಿಟ್ಟ ಮೇಲೆ ಸರಳೆ ವರಸೆ

‘ಈ ವಾರ ಅಭ್ಯಾಸಕ್ಕೆ ಟೈಮೇ ಸಿಗಲಿಲ್ಲ ಮಿಸ್’ ಅಂತ ಕರ್ನಾಟಕ ಸಂಗೀತದ ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೋ. ಪಾಠದ ದಿನ ಬೆಳಿಗ್ಗೆ ಮಾತ್ರ ಪುಸ್ತಕ ತೆಗೆಯುವ ಗುಂಪಿನವಳು ನಾನು. ನೀವೂ ಅದೇ ಗುಂಪಾದರೆ ಮುಂದೆ ಓದಿ.

ಮೊದಲು ಒಂದು ಲೆಕ್ಕ ಹಾಕಿ. ಸೆಕೆಂಡಿಗೆ ಒಂದು ಅಕ್ಷರದಂತೆ (ತಾಳದ ಒಂದು ಎಣಿಕೆ) 8 ಅಕ್ಷರದ ಆದಿತಾಳ ಹಾಕಿದರೆ ಒಂದು ಆವರ್ತಕ್ಕೆ (ತಾಳದ ಒಂದು ಸುತ್ತು) 8 ಸೆಕೆಂಡ್. ಮಾಯಾಮಾಳವಗೌಳ ರಾಗದ ಮೊದಲ ಸರಳೆ ವರಸೆ (ಶುರುವಿನಲ್ಲಿ ಕಲಿಸುವ ಸ್ವರಪಾಠ) ಒಂದನೇ ಕಾಲದ ನಿಧಾನ ವೇಗದಲ್ಲಿ ಎರಡು ಆವರ್ತ, ಅಂದರೆ 16 ಸೆಕೆಂಡ್. ವೇಗ ದುಪ್ಪಟ್ಟಾಗುವ ಎರಡನೇ ಕಾಲದಲ್ಲಿ 8. ಅದರ ದುಪ್ಪಟ್ಟು ವೇಗದ ಮೂರನೇ ಕಾಲದಲ್ಲಿ ಅರ್ಧ ಆವರ್ತಕ್ಕೇ ಮುಗಿಯುತ್ತದೆ. ತಾಳ ಕೂಡಲಿ ಅಂತ ಎರಡು ಸಲ ಹಾಡಿದರೂ 8. ಒಟ್ಟು 32 ಸೆಕೆಂಡ್! ಅಕ್ಕಿ ತೊಳೆಯೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ದಿನಕ್ಕೆ 20 ನಿಮಿಷ ಸಿಕ್ಕರೂ ಎಷ್ಟೊಂದು ಕೆಲಸ ಆಗುತ್ತದೆ ಅಲ್ವಾ?

ಆ 20 ನಿಮಿಷವನ್ನು ಗಡಿಯಾರಕ್ಕೆ ಕಟ್ಟಬೇಡಿ, ದಿನಾ ತಪ್ಪದೇ ಮಾಡುವ ಒಂದು ಕೆಲಸಕ್ಕೆ ಕಟ್ಟಿ. ‘ಬೆಳಿಗ್ಗೆ 6 ಗಂಟೆ’ ಅಂತ ಇಟ್ಟುಕೊಂಡು ನಾನು ಮೂರೇ ದಿನಕ್ಕೆ ಸೋತೆ. ಈಗ ಕಾಫಿ ಲೋಟ ತೊಳೆದಿಟ್ಟ ತಕ್ಷಣ ಕೂರುತ್ತೇನೆ. ಭಾನುವಾರ ತಡವಾಗಿ ಎದ್ದರೂ ಕಾಫಿ ತಪ್ಪುವುದಿಲ್ಲವಲ್ಲ.

ಏನು ಹಾಡಬೇಕು ಅಂತ ರಾತ್ರಿಯೇ ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಡಿ. ಬೆಳಿಗ್ಗೆ ಹುಡುಕುತ್ತಾ ಕೂತರೆ ಅರ್ಧ ಹೊತ್ತು ಅಲ್ಲೇ ಹೋಗುತ್ತದೆ. ಶ್ರುತಿಗೆ ಫೋನಿನ ಆ್ಯಪ್ ಹಾಕುವವರು ಇಂಟರ್ನೆಟ್ ಆಫ್ ಮಾಡಿ. ವಾಟ್ಸ್‌ಆ್ಯಪ್ ‘ಟಿಂಗ್’ ಅಂದರೆ ನಿಮ್ಮ ಷಡ್ಜ (‘ಸ’ ಸ್ವರ) ಎಲ್ಲೋ, ನೀವೆಲ್ಲೋ.

ಮೊದಲ ಐದು ನಿಮಿಷ ಮಂದ್ರದಲ್ಲಿ (ತಗ್ಗಿನ ಸ್ವರಗಳಲ್ಲಿ) ನಿಧಾನವಾಗಿ ‘ಆ’ ಅಂತ ಅಕಾರ ಹಾಡಿ. ಆಮೇಲಿನ ಹತ್ತು ನಿಮಿಷ ಕೈಕೊಡುವ ಒಂದೇ ಒಂದು ಸಾಲಿಗೆ. ನನ್ನ ಕಷ್ಟ ಜಂಟಿ ವರಸೆ, ಅಂದರೆ ಸ್ವರಗಳನ್ನು ಜೋಡಿಯಾಗಿ ಹಾಡುವ ಪಾಠ. ‘ಸಸ ರಿರಿ ಗಗ ಮಮ’ದಲ್ಲಿ ಪ್ರತಿ ಜೋಡಿಯ ಎರಡನೇ ಸ್ವರಕ್ಕೆ ಒತ್ತು ಬೀಳಬೇಕು. ಅವಸರದಲ್ಲಿ ಅದು ಸುಮ್ನೆ ‘ಸಾ ರೀ ಗಾ ಮಾ’ ಆಗಿಬಿಡುತ್ತದೆ. ಹಾಡುವಾಗ ಗೊತ್ತೇ ಆಗುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದ ದಿನ ನನಗೇ ನಾಚಿಕೆಯಾಯಿತು. ಮೂರನೇ ಕಾಲ ಬಿಟ್ಟು ವಾರವಿಡೀ ಒಂದನೇ ಕಾಲದಲ್ಲೇ ಹಾಡಿದ ಮೇಲೆ ಒತ್ತು ಕೂತಿತು. ಕೊನೆಯ ಐದು ನಿಮಿಷ ಇಷ್ಟದ ಹಾಡು ಹಾಡಿಕೊಳ್ಳಿ, ತಪ್ಪು ಹುಡುಕಬೇಡಿ.

ಗಂಟಲು ಕಟ್ಟಿದ್ದರೆ ಹಾಡಬೇಡಿ, ಪಾಠದ ರೆಕಾರ್ಡಿಂಗ್ ಕೇಳಿ. ಒಂದು ದಿನ ತಪ್ಪಿದರೆ ಮರುದಿನ 40 ನಿಮಿಷ ಕೂರುವ ಶಪಥವೂ ಬೇಡ. ಅದು ನಡೆಯುವುದಿಲ್ಲ.

ತಾಳಕ್ಕೆ ಬೇರೆ ಸಮಯ ಬೇಕಿಲ್ಲ, ಬಸ್ಸೇ ಸಾಕು. ಅಲಂಕಾರದ (ಬೇರೆ ಬೇರೆ ತಾಳಗಳಲ್ಲಿ ಹಾಡುವ ಸ್ವರಪಾಠ) ಧ್ರುವ ತಾಳಕ್ಕೂ 14 ಅಕ್ಷರ, ಅಟ್ಟ ತಾಳಕ್ಕೂ 14. ಗಲಿಬಿಲಿ ಆಗುವುದೂ ಇಲ್ಲೇ. ಧ್ರುವ 4, 2, 4, 4. ಅಟ್ಟ 5, 5, 2, 2. ಐದರ ಭಾಗಕ್ಕೆ, ಅಂದರೆ ಲಘುವಿಗೆ, ಒಂದು ಪೆಟ್ಟು, ಕಿರುಬೆರಳಿನಿಂದ ತೋರುಬೆರಳಿನವರೆಗೆ ನಾಲ್ಕು ಎಣಿಕೆ. ಎರಡರ ಭಾಗಕ್ಕೆ, ಅಂದರೆ ದ್ರುತಕ್ಕೆ, ಒಂದು ಪೆಟ್ಟು, ಒಂದು ಉಸಿ (ಅಂಗೈ ಮೇಲೆ ತಿರುಗಿಸುವುದು). ತೊಡೆಯ ಮೇಲೆ ಮೆಲ್ಲಗೆ ಹಾಕಿಕೊಂಡರಾಯಿತು. ಮೊನ್ನೆ ಪಕ್ಕದ ಸೀಟಿನ ಹೆಂಗಸು ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದರು. ‘ಏನ್ರೀ, ಚೀಟಿ ದುಡ್ಡಿನ ಲೆಕ್ಕನಾ?’ ಅಂತ ಕೇಳಿಯೇ ಬಿಟ್ಟರು. ನನ್ನ ಎರಡನೇ ಲಘು ತಪ್ಪಿತು. ಮತ್ತೆ ಮೊದಲಿಂದ ಹಾಕಿದೆ.